ಅಂಕಿತಾಳ ಕಾಗೆಗಳು

ಎಡೆ ಇಟ್ಟು ಒಂದು ಗಂಟೆಯಾದರೂ ಕಾಗೆ ಮುಟ್ಟಲಿಲ್ಲ. ಕಾಗೆಗಳೇನು ಇರಲಿಲ್ಲವೆಂದಲ್ಲ. ಒಂಬತ್ತು ಕಾಗೆಗಳು ತೆಂಗಿನ ಮರದಲ್ಲಿ ಕೂತು ಬಾಳೆಲೆಯ ಮೇಲಿನ ಹುರಿದ ಬಂಗಡೆಯನ್ನೇ ನೋಡುತ್ತಿದ್ದವು. ಇಳಿಯುತ್ತಿರಲಿಲ್ಲ, ಅಷ್ಟೇ.

ಹನ್ನೊಂದು ವರ್ಷದ ಅಂಕಿತಾ ಅಂಗಳದ ಮೂಲೆಯಲ್ಲಿ ತುಟಿ ಬಿಗಿದು ನಿಂತಿದ್ದಳು. ಧಾರೇಶ್ವರದಲ್ಲಿ ಯಾರ ಮನೆಯ ತಿಥಿಗೂ ಕಾಗೆ ಕರೆಯಲು ಅವಳೇ ಬೇಕು. ಅಪ್ಪ ತೀರಿಕೊಂಡ ಮೇಲೆ ತಾಯಿ ಗಂಗಿ ಒಣಹಾಕುವ ಮೀನನ್ನು ಅವಳು ಕೋಲು ಹಿಡಿದು ಕಾದು, ಸಂಜೆ ಸೀಟಿ ಹೊಡೆದು ಮೀನಿನ ತಲೆ ಎಸೆದು, ಊರ ಕಾಗೆಗಳನ್ನೆಲ್ಲ ಪಳಗಿಸಿಬಿಟ್ಟಿದ್ದಳು. ಅವಳ ಸೀಟಿ ಕೇಳದೆ ಒಂದೂ ಎಡೆ ಮುಟ್ಟುವುದಿಲ್ಲ. ತಿಥಿಯ ಮನೆಯವರು ಕೊಡುವ ಅಕ್ಕಿ, ತೆಂಗಿನಕಾಯಿಯಿಂದಲೇ ತಾಯಿ ಮಗಳ ಒಲೆ ಉರಿಯುತ್ತಿತ್ತು.

ಇವತ್ತು ಅವಳ ಅಪ್ಪನದೇ ವರ್ಷದ ತಿಥಿ.

"ಅಣ್ಣಂಗೆ ಎಂತದೋ ಆಸೆ ಉಳ್ದದೆ. ಮಾತು ಕೊಡ್ಬೇಕು," ಎಂದ ಚಿಕ್ಕಪ್ಪ ನರೇಶ. ಕಾಗೆ ಮುಟ್ಟದೆ ಯಾರೂ ಉಣ್ಣುವಂತಿಲ್ಲ, ಅವನಿಗೋ ಹೊಟ್ಟೆ ಚುರುಗುಟ್ಟುತ್ತಿತ್ತು. ಮರದ ಕಡೆ ಕೈಮುಗಿದ. "ಅಣ್ಣಾ, ಬರೂ ವರ್ಷ ಇಸ್ವಾಣ ಮೀನು ಹುರ್ದು ಇಡ್ತೆ."

ಕಾಗೆಗಳು ಕದಲಲಿಲ್ಲ.

"ಒಂದು ಕ್ವಾರ್ಟರೂ ಇಡ್ತೆ."

ಒಂದು ಕಾಗೆ ಕತ್ತು ಓರೆ ಮಾಡಿತು.

"ಸೀಟಿ ಹೊಡಿಯೇ," ಗಂಗಿ ಮಗಳನ್ನು ಅಂಗಲಾಚಿದಳು. "ಊರವ್ರಿಗೆಲ್ಲ ಹೊಡಿತೀ, ನಿನ್ನಪ್ಪಂಗೆ ಹೊಡಿಯೂಕೆ ಎಂತ ಆಗದೆ?"

"ಅಪ್ಪಂಗೆ ಬೇಕಾದ್ದು ಬೇರೆ," ಎಂದಳು ಅಂಕಿತಾ, ಚಿಕ್ಕಪ್ಪನನ್ನೇ ದಿಟ್ಟಿಸುತ್ತ. ಅಪ್ಪನ ದೋಣಿ ವರ್ಷದಿಂದ ಅವನ ಬಳಿಯೇ ಇತ್ತು. ದಿನವೂ ಮೀನಿಗೆ ಹೋಗುತ್ತಿತ್ತು. ಅದರ ಒಂದು ಬಂಗಡೆಯೂ ಈ ಮನೆಗೆ ಬಂದಿರಲಿಲ್ಲ. ಅವಳಿಗೆ ಅದೇ ಸಿಟ್ಟು.

ನರೇಶ ಬೆವರಿದ. "ಅಣ್ಣಾ, ನಿನ್ನ ದೋಣಿ..." ಎಂದು ಗಂಟಲು ಸರಿಮಾಡಿಕೊಂಡ. "ನಿನ್ನ ದೋಣಿಗೆ ಹೊಸ ಬಣ್ಣ ಹೊಡಸ್ತೆ."

ಗಂಗಿಗೆ ತಡೆಯಲಾಗಲಿಲ್ಲ. ಎಡೆಯ ಮುಂದೆ ಕುಸಿದು ಕೂತಳು. "ಕೊಡೂಕೆ ನನ್ಹತ್ರ ಎಂತದೂ ಇಲ್ಲ. ಹಸ್ಕಂಡು ಮಾತ್ರ ಹೋಗ್ಬೇಡಿ, ಎರಡು ತುತ್ತು ಉಣ್ಣಿ," ಎಂದು ಗಂಡನಿಗೆ ಹೇಳಿ ಅತ್ತಳು.

ಸೀಟಿಯಿಲ್ಲದೆ, ಯಾರೂ ಕರೆಯದೆ, ಒಂದು ಕಾಗೆ ಮರದಿಂದಿಳಿದು ನೇರವಾಗಿ ಬಾಳೆಲೆಯತ್ತ ಬಂತು. ಅಂಕಿತಾ ಓಡಿಬಂದು ಎರಡೂ ಕೈ ಚಾಚಿ ಎಡೆಗೆ ಅಡ್ಡ ನಿಂತಳು.

"ಸ್ವಲ್ಪ ತಡಿ ಅಪ್ಪಾ! ದೋಣಿ ವಾಪಸ್ ಕೊಡ್ತೆ ಅಂತ ಚಿಕ್ಕಪ್ಪ ಇನ್ನೂ ಹೇಳ್ಲಿಲ್ಲ!"