ಗೂಗೆ ಹೊಕ್ಕ ಮನೆ

ಸರಕಾರ ಆಕಾಶದಲ್ಲಿ ದೊಡ್ಡ ಕನ್ನಡಿ ತೂಗಿಬಿಟ್ಟು ರಾತ್ರಿಯನ್ನೇ ಅಳಿಸಿಹಾಕಿ ಒಂಬತ್ತು ವರ್ಷವಾಗಿತ್ತು. ಮನೆಯೊಳಗೆ ಕತ್ತಲೆ ಇಟ್ಟುಕೊಳ್ಳುವುದು ಈಗ ಅಪರಾಧ. ಬಾಳವ್ವನ ಮನೆಯ ಕಿಟಕಿ, ಬೆಳಕಿಂಡಿಗಳಿಗೆಲ್ಲ ಕರಿ ಕಂಬಳಿ ಜಡಿದದ್ದನ್ನು ಕಂಡು ಬೆಳಕಿನ ಇಲಾಖೆಯ ಇನ್ಸ್‌ಪೆಕ್ಟರ್ ಕೆಂಡಾಮಂಡಲವಾದ.

ಅಂಗಳದ ಬೇವಿನಡಿ ರೊಟ್ಟಿ ಬಡಿಯುತ್ತಿದ್ದ ಬಾಳವ್ವ ಏಳಲೂ ಇಲ್ಲ.

"ಒಳಗ ಏನ್ ಮುಚ್ಚಿಟ್ಟೀ ಮುದುಕಿ?"

"ಗುಡ್ಡದ ಗೂಗಿರೀ. ಕತ್ತಲಿ ಹುಡುಕ್ಕೊಂಡು ಬಂದೈತಿ. ಜಂತಿ ಮ್ಯಾಲ ಮೂರು ಮರಿ ಅದಾವು."

ಇನ್ಸ್‌ಪೆಕ್ಟರ್ ಎರಡು ಹೆಜ್ಜೆ ಹಿಂದೆ ಸರಿದ. "ಗೂಗಿ ಹೊಕ್ಕ ಮನ್ಯಾಗ ಮನಶ್ಯಾರು ಇರಬಾರದು! ಮನಿ ಬಿಡಬೇಕು!"

ಬಾಳವ್ವ ಮರದಡಿಯ ತನ್ನ ಹಾಸಿಗೆ, ಕೊಡ, ಟ್ರಂಕುಗಳನ್ನು ತೋರಿಸಿದಳು.

"ಬಿಟ್ಟೇನಲ್ರೀ! ಈಗ ಅದು ಗೂಗಿ ಮನಿ. ಕಂಬಳಿ ತಗೀಬೇಕಂದ್ರ ಒಳಗ ಹೋಗಿ ಆಕೀನ್ನ ಕೇಳ್ರಿ."