ಬಳಚಿನ ಪ್ರೊಫೆಸರ್

"ಆಯಿ, ಇವತ್ತೊಂದಿನ ಹೊಳೆಗೆ ಇಳೀಬ್ಯಾಡ" ಎಂದು ಪ್ರಿಯಾ ದಾರಿಗೆ ಅಡ್ಡ ನಿಂತಳು. ತಾಯಿ ಕಮಲಿ ಬುಟ್ಟಿಯನ್ನು ಸೊಂಟಕ್ಕೇರಿಸಿ ಆಗಲೇ ಅಂಗಳ ದಾಟಿದ್ದಳು. ತದಡಿಯಲ್ಲಿ ಇಳಿತ ಆರಂಭವಾಗಿ, ಅಘನಾಶಿನಿಯ ನೀರು ಸರಿದು, ಕೆಸರು ಮೈತೆರೆದಿತ್ತು. ಕೆಸರಿನಲ್ಲಿ ಹುದುಗಿರುವ ಚಿಪ್ಪುಜೀವಿ ಬಳಚನ್ನು ಹೆಕ್ಕಿ ಮಾರುವವರಿಗೆ ಈ ಎರಡು ತಾಸೇ ದಿನದ ದುಡಿಮೆ. ಮಗಳು ಸುತ್ತಿ ಬಳಸಿ ವಿವರಿಸಿದಳು: ನಾಲ್ಕೂವರೆಗೆ ಐರ್ಲೆಂಡಿನ ಸಹಪಾಠಿಗಳು ವಿಡಿಯೋ ಕರೆ ಮಾಡುತ್ತಾರೆ, ಮನೆಯೊಳಗೆ ಸಿಗ್ನಲ್ ಇಲ್ಲ, ದಂಡೆಯಲ್ಲೇ ನಿಂತು ಮಾತಾಡಬೇಕು, ಹಿಂದೆ ಸೀರೆ ಎತ್ತಿ ಕಟ್ಟಿ ಕೆಸರಿನಲ್ಲಿ ಯಾರಾದರೂ ಕಂಡರೆ ಅಷ್ಟು ಚೆನ್ನಾಗಿರದು.

"ಯಾರ್ ಅದು, ಮಾತಾಡೂರು?"

"ಊನಾ, ಮತ್ತೆ ಅವಳ ಜೊತಿಯವ್ರು."

"ಪಾಪ, ಎಂತ ಊನ ಅದ್ಕೆ?"

"ಊನ ಅಲ್ಲ ಆಯಿ, ಅವಳ ಹೆಸ್ರೇ ಊನಾ."

"ಹೆತ್ತವ್ರಿಗೆ ಬೇರೆ ಹೆಸ್ರು ಸಿಕ್ಕಿಲ್ವಾ?" ಎಂದು ಕಮಲಿ ಮರುಗಿದಳು. ಮರುಕದಲ್ಲಿಯೂ ಕಾಲು ಮಾತ್ರ ಹೊಳೆಯ ಕಡೆಗೇ ನಡೆಯುತ್ತಿತ್ತು. "ನಿನ್ ಫೋನಿಗೆ ಇಳಿತ ಕಾಯ್ತದ್ಯಾ? ನಾಚ್ಕೆ ಆದ್ರೆ ನೀನೇ ಆ ಬದಿಗೆ ತಿರುಗಿ ನಿಂತ್ಕ."

ಐರ್ಲೆಂಡಿನ ಗಾಲ್ವೇಯಲ್ಲಿ ಒಂದು ವರ್ಷ ಕಡಲ ಜೀವಿಗಳ ಬಗ್ಗೆ ಓದಿ ಬಂದ ಪ್ರಿಯಾಳಿಗೆ ಪಾಠಗಳಿಗಿಂತ ಹೆಚ್ಚಾಗಿ ನೆನಪಿದ್ದುದು, ಬಾಡಿಗೆಯ ವ್ಯಾನಿನಲ್ಲಿ ಆ ನಾಡಿನ ಪಡುಗಡಲ ಅಂಚನ್ನು ಸುತ್ತಿದ ಐದು ದಿನಗಳು. ಆರು ಜನರಿಗೆ ಮೂರು ಕೊಡೆ. ಒಡೆಯರ ಗುರುತಿಗೆಂದು ಬೆನ್ನಿಗೆ ನೀಲಿ ಬಣ್ಣ ಬಳಿಸಿಕೊಂಡ ಕುರಿಗಳು ಕುಮಟಾ ಹೆದ್ದಾರಿಯ ದನಗಳಷ್ಟೇ ಗಾಂಭೀರ್ಯದಿಂದ ದಾರಿಯ ನಡುವೆ ಮಲಗಿದ್ದವು. ಅವು ಏಳುವವರೆಗೆ ವ್ಯಾನಿನೊಳಗೆ ಆರು ಭಾಷೆಗಳಲ್ಲಿ ಹಾಡು. ನಾಲ್ಕನೆಯ ದಿನ ಭಾನುವಾರ. ಹಳ್ಳಿಯ ಒಂದೂ ಅಂಗಡಿ ತೆರೆದಿರಲಿಲ್ಲ. ಹೊಟ್ಟೆ ಹಸಿದ ವಿದ್ಯಾರ್ಥಿಗಳು ಇಳಿತದ ಮರಳಿನಲ್ಲಿ ನಿಂತು, ಇಲ್ಲಿ ಯಾವ ಯಾವ ಚಿಪ್ಪುಜೀವಿಗಳಿರಬಹುದೆಂದು ಪುಸ್ತಕದ ಮಾತು ಆಡುತ್ತಿದ್ದಾಗ, ಪ್ರಿಯಾ ಮರಳಿನ ಮೇಲೆ ಬಳಚು ಉಸಿರಾಡುವ ಜೋಡಿ ತೂತುಗಳನ್ನು ಕಂಡಳು, ಚಮಚದಿಂದ ಅಗೆದಳು. ಅರ್ಧ ಗಂಟೆಯಲ್ಲಿ ಬಕೆಟ್ ಬಳಚಿನಿಂದ ತುಂಬಿತು. ಬೆಣ್ಣೆಯಲ್ಲಿ ಬಾಡಿಸಿ, ಊರಿನಿಂದ ಒಯ್ದ ಮೆಣಸಿನ ಪುಡಿ ಉದುರಿಸಿದ ಆ ಊಟದಲ್ಲಿ ಪಾತ್ರೆಯನ್ನು ನೆಕ್ಕುವುದೊಂದು ಉಳಿದಿತ್ತು. ಕಣ್ಣು ಮೂಗು ಒರೆಸಿಕೊಳ್ಳುತ್ತ ಊನಾ ಕೇಳಿದ್ದಳು, ಇದನ್ನು ನಿನಗೆ ಕಲಿಸಿದವರು ಯಾರು ಎಂದು.

"ನಮ್ಮೂರಿನ ಒಬ್ಬ ಪ್ರೊಫೆಸರ್" ಎಂದುಬಿಟ್ಟಿದ್ದಳು ಪ್ರಿಯಾ.

ಅಗೆದ ಕೈಯ ಕಸುಬು ತಾಯಿಯದು. ನುಡಿದ ನಾಲಿಗೆ ಯಾರದೋ. ಕೆಸರಿನಲ್ಲಿ ನಿಂತು ಓದಿಸಿದವಳ ಮಗಳು ಆ ಕೆಸರನ್ನೇ ಮರೆಮಾಡಲು ಕಲಿತರೆ, ಅದನ್ನು ವಿದ್ಯೆಯೆಂದು ಕರೆಯುವ ಧೈರ್ಯ ಯಾರಿಗುಂಟು?

ದಂಡೆಯಲ್ಲಿ ನಿಂತ ಪ್ರಿಯಾಳಿಗೆ ನಾಲ್ಕೂವರೆಗೆ ಕರೆ ಬಂತು. ಪರದೆಯ ಮೇಲೆ ಅದೇ ಕಡಲತೀರ, ಅದೇ ಬಕೆಟ್, ಮಳೆಯಂಗಿ ತೊಟ್ಟ ಅದೇ ಐವರು. ಬೆಳಗಿನಿಂದ ಸುರಿದ ಮಳೆ ತೂತುಗಳನ್ನೆಲ್ಲ ಅಳಿಸಿದೆ, ಇಷ್ಟು ಹೊತ್ತು ಅಗೆದರೂ ಒಂದೂ ಸಿಕ್ಕಿಲ್ಲವೆಂದು ಊನಾ ನಗುತ್ತಲೇ ದೂರಿದಳು. "ಈಗ ಏನು ಮಾಡಬೇಕೆಂದು ನಿನ್ನ ಪ್ರೊಫೆಸರನ್ನೇ ಕೇಳು. ನನ್ನ ಪ್ರಬಂಧದಲ್ಲಿ ಅವರ ಹೆಸರನ್ನೂ ಬರೆಯಬೇಕು."

ಪ್ರೊಫೆಸರ್ ಭಟ್ಕಳಕ್ಕೆ ಹೋಗಿದ್ದಾರೆ ಎಂಬ ಉತ್ತರವನ್ನು ಪ್ರಿಯಾ ಬೆಳಗಿನಿಂದಲೇ ಬಾಯಿಪಾಠ ಮಾಡಿದ್ದಳು. ಆದರೆ ಕೊನೆಯ ಬ್ರೆಡ್ಡಿನ ಚೂರನ್ನೂ ಆರು ಪಾಲು ಮಾಡಿ ತಿಂದವರ ಒದ್ದೆ ಮುಖಗಳು ಎದುರಿಗಿದ್ದವು. ಅವರಿಗೆ ಎರಡನೆಯ ಸಲ ಸುಳ್ಳು ಹೇಳಲಾಗಲಿಲ್ಲ. ಮೇಲಾಗಿ, ಆ ಪ್ರಶ್ನೆಗೆ ಉತ್ತರ ಅವಳಿಗೇ ತಿಳಿಯದು. ಓದು ಕೆಟ್ಟೀತೆಂದು ನಾಲ್ಕನೆಯ ತರಗತಿಯ ಮೇಲೆ ತಾಯಿ ಅವಳನ್ನು ಹೊಳೆಗೆ ಇಳಿಸಿರಲಿಲ್ಲ.

ಪ್ರಿಯಾ ತೊಟ್ಟ ಬಟ್ಟೆಯಲ್ಲೇ ಮೊಣಕಾಲುದ್ದದ ಕೆಸರಿಗಿಳಿದು ತಾಯಿಯ ಮಗ್ಗುಲಿಗೆ ನಿಂತಳು. ಫೋನನ್ನು ತಿರುಗಿಸಿದಳು. "ಪ್ರೊಫೆಸರ್ ಯಾರೂ ಇಲ್ಲ. ನಾನು ಅಂದು ಸುಳ್ಳು ಹೇಳಿದ್ದೆ. ಕಲಿಸಿದವರು ಇವರು, ನನ್ನ ತಾಯಿ. ಹೆಸರು ಕಮಲಿ."

ಮಗಳು ಇಂಗ್ಲಿಷಿನಲ್ಲಿ ಏನೋ ಹೇಳಿ ಕಣ್ಣು ತುಂಬಿಕೊಂಡದ್ದನ್ನು ಕಂಡು, ಎಂತ ಆತು ಎಂದು ಕಮಲಿ ವಿಚಾರಿಸಿದಳು. ಪ್ರಿಯಾ ಒಂದನ್ನೂ ಬಿಡದೆ ಹೇಳಿದಳು. ತಾನಾಡಿದ ಸುಳ್ಳನ್ನೂ ಹೇಳಿದಳು.

"ಹಂಗಾರೆ ಇಷ್ಟು ವರ್ಷದ್ ಪಗಾರ ಯಾರ್ ಕೊಡೂರು ನಂಗೆ?" ಎಂದು ಕಮಲಿ ನಕ್ಕು, ಕೆಸರುಗೈಯನ್ನು ಸೆರಗಿಗೆ ಒರೆಸಿ ಪರದೆಯೊಳಗೆ ಇಣುಕಿದಳು. ಮರುಕ್ಷಣವೇ ಅವಳ ಹುಬ್ಬು ಗಂಟಿಕ್ಕಿತು. "ಬೂಟ್ ಹಾಕಂಡಿ ಬಳಚು ಹುಡುಕೂದಾ? ತೂತು ಕಾಣದಿದ್ರೆ ಕಾಲಿಂದ ನೋಡ್ಬೇಕು. ಹೆಬ್ಬೆರಳಿಗೆ ಗೊತ್ತಾಗ್ತದೆ. ಹೇಳು ಅವ್ರಿಗೆ."

ಪ್ರಿಯಾ ಹೇಳಿದಳು. ಪರದೆಯಲ್ಲಿ, ಕೊರೆಯುವ ಮಳೆಯ ನಡುವೆ, ಒಬ್ಬರ ಹೆಗಲನ್ನೊಬ್ಬರು ಆತು ಹಿಡಿದು, ಐವರೂ ಬಗ್ಗಿ ಬೂಟು ಕಳಚುತ್ತಿದ್ದರು.