ಎಡಗೈ ನಗರಸಭೆಯದು

ಗಾಳಿಯಂತ್ರ ರಿಪೇರಿಯ ಕಸುಬನ್ನು ಈಗ ಸೂಜಿಯಲ್ಲೇ ಚುಚ್ಚುತ್ತಾರೆ. ಬಲಗೈಗೆ ದಿಲ್ಲಿಯವರು, ಎಡಗೈಗೆ ನಗರಸಭೆಯವರು. ನನ್ನ ಮಗಳು ಸುವರ್ಣಾಳ ಬಲಗೈ ಯುಗಾದಿಗೇ ಕಲಿತು ಕೂತಿತ್ತು. ನಗರಸಭೆಯವರು ಮಾತ್ರ ರೇಷನ್ ಕಾರ್ಡ್ ನೋಡಿ, ಮನೆಯ ಯಜಮಾನಿಯೆಂದು ನನಗೇ ಚುಚ್ಚಿದರು. ಎಷ್ಟು ಹೇಳಿದರೂ ಕೇಳಲಿಲ್ಲ. ಅಂದಿನಿಂದ ರೊಟ್ಟಿ ಬಡಿಯಲು ಕೂತರೆ ನನ್ನ ಎಡಗೈ ಹಿಟ್ಟಿನ ಉಂಡೆಯನ್ನು ನಟ್ಟಿನಂತೆ ತಿರುಗಿಸುತ್ತದೆ.

ಪರೀಕ್ಷೆಗೆ ಒಂದೇ ದಿನ ಉಳಿದಿತ್ತು. ಗಾಳಿಯಂತ್ರದ ಕಂಬದ ತುದಿಯಲ್ಲಿ ಬೋಲ್ಟ್ ಬಿಗಿದರಷ್ಟೇ ಮಗಳಿಗೆ ಕೆಲಸ. ನಾಲ್ಕನೇ ಸಲ ನಗರಸಭೆಯ ಕಚೇರಿಗೆ ಹೋದೆವು.

“ಆಕೀಗೂ ಒಂದು ಚುಚ್ಚ್ರಿ ಸರ್,” ಎಂದೆ.

“ಮನಿಗೆ ಒಂದೇ ಎಡಗೈ, ಅಕ್ಕಾರ. ದಿಲ್ಲಿಗೆ ಬರೀರಿ,” ಎಂದ ಗುಮಾಸ್ತ.

“ದಿಲ್ಲಿಯವರು ನಿಮ್ಮನ್ನ ಕೇಳು ಅಂತಾರ!”

“ಹಂಗಾರ ಇಬ್ಬರೂ ಹತ್ರಿ. ಬಲಗೈ ಒಂದು, ಎಡಗೈ ಒಂದು ಬೇಕು ಅಂತ ನಿಯಮದಾಗ ಬರದೈತಿ. ಒಬ್ಬರದ ಇರಬೇಕು ಅಂತ ಎಲ್ಲೈತಿ?”

ಅವನು ನಗೆಯಾಡಿದ್ದ. ನಾನು ಮರುದಿನ ಸೆರಗು ಸಿಕ್ಕಿಸಿ ಹತ್ತಿಯೇಬಿಟ್ಟೆ.

ಮೇಲೆ ಸುವರ್ಣಾ ಬಿಗಿಯುವಾಗ ಬೋಲ್ಟ್ ಹಿಡಿದ ನನ್ನ ಎಡಗೈ ಅಲುಗಲಿಲ್ಲ. ಉಳಿದ ಮೈಯೆಲ್ಲ ಕಂಬವನ್ನು ಅಪ್ಪಿಕೊಂಡಿತ್ತು.

ಕೆಳಗಿಳಿದಾಗ ಒಂದು ಕೆಲಸದ ಆದೇಶ, ಎರಡು ಹೆಲ್ಮೆಟ್ ಕೊಟ್ಟರು. ಮಗಳು ನನ್ನ ಗದ್ದದ ಕೆಳಗೆ ಪಟ್ಟಿ ಬಿಗಿಯುತ್ತ ಹೇಳಿದಳು: “ಸೋಮವಾರ ಏಳಕ್ಕ ಬಸ್ಸು ಅವ್ವಾ. ತಡಾ ಮಾಡಬ್ಯಾಡ.”